ಮೊಟ್ಟೆ ಎಣಿಸಿದ ಗೌರಿ ಹೆಡ್‌ಮಾಸ್ಟರನ್ನು ಯಾಕೆ ಕೇಳಲಿಲ್ಲ?

ಪ್ರಶ್ನೆ: ನಾನು ಮದ್ದೂರು ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ 31 ವರ್ಷ ಕನ್ನಡ ಪಾಠ ಮಾಡಿ ನಿವೃತ್ತಳಾದವಳು. ಮೊಮ್ಮಗಳು ಓದುವ ಇಂಗ್ಲಿಷ್ ಕಾದಂಬರಿಗಳಲ್ಲಿ ಸ್ಕೂಲ್ ಪೇಪರ್ ನಡೆಸುವ ಮಕ್ಕಳ ಕಥೆ ಬರುತ್ತದೆ. ನಮ್ಮ ಕಡೆಯ ಮಕ್ಕಳಿಗೂ ಅಂಥದ್ದೊಂದು ಇರಲಿ ಎಂದು ನಾನೇ ಬರೆಯಲು ಕೂತೆ. ಒಂದು ಹಳ್ಳಿಯ ಹೈಸ್ಕೂಲು. ಎಂಟನೇ ತರಗತಿಯ ಗೌರಿ ಮತ್ತು ಅವಳ ಮೂವರು ಗೆಳೆಯರು ಗೋಡೆ ಪತ್ರಿಕೆ ಶುರು ಮಾಡುತ್ತಾರೆ. ಒಂದು ದಿನ ಬಿಸಿಯೂಟದ ಮೊಟ್ಟೆ ಎಣಿಸುತ್ತಾರೆ. ಶಾಲೆಯಲ್ಲಿ 112 ಮಕ್ಕಳು, ಬೇಯಿಸಿದ್ದು 90 ಮೊಟ್ಟೆ. ಉಳಿದ 22 ಹೆಡ್‌ಮಾಸ್ಟರ್ ಮನೆಗೆ ಹೋಗಿವೆ ಎಂದು ಬರೆಯುತ್ತಾರೆ. ಅವರು ಪತ್ರಿಕೆ ಹರಿದು ಹಾಕಿ ಗೌರಿಗೆ ಟಿಸಿ ಕೊಡುತ್ತಾರೆ. ಮಕ್ಕಳು ಹೆದರದೆ ಅರಳಿಕಟ್ಟೆಯ ಹತ್ತಿರ ಪತ್ರಿಕೆ ಅಂಟಿಸುತ್ತಾರೆ. ಕೊನೆಗೆ ಹೆಡ್‌ಮಾಸ್ಟರ್ ಸಿಕ್ಕಿಬೀಳುತ್ತಾರೆ. ನಡುವೆ ಒಂದು ಅಧ್ಯಾಯದಲ್ಲಿ, ಹತ್ತನೇ ತರಗತಿಯ ಹುಡುಗಿಯೊಬ್ಬಳ ಮದುವೆಯ ಸುದ್ದಿ ಹಾಕಿ ಅದನ್ನು ನಿಲ್ಲಿಸುತ್ತಾರೆ.

ಹಸ್ತಪ್ರತಿ ಓದಿದ ಹಳೆಯ ಸಹೋದ್ಯೋಗಿಗಳು ಹೆದರಿಸಿದ್ದಾರೆ. ಇದನ್ನು ಓದಿದ ಮಕ್ಕಳು ಮೇಷ್ಟ್ರ ಮೇಲೆ ತಿರುಗಿ ಬೀಳುತ್ತಾರಂತೆ. ಆ ಹೆಡ್‌ಮಾಸ್ಟರ್ ಯಾರೆಂದು ತಾಲ್ಲೂಕಿಗೇ ಗೊತ್ತಾಗಿ ಕೇಸು ಬೀಳುತ್ತದಂತೆ. ಶಾಲೆಯಲ್ಲಿ ಪತ್ರಿಕೆ ಮಾಡಲು ಸರ್ಕಾರದ ರಿಜಿಸ್ಟ್ರೇಷನ್ ಬೇಕಂತೆ. ಮಂಡ್ಯದ ಮಾತು ತೆಗೆದು ‘ಶುದ್ಧ’ ಕನ್ನಡ ಹಾಕಬೇಕಂತೆ. ‘ಪಾತ್ರಗಳೆಲ್ಲ ಕಾಲ್ಪನಿಕ’ ಎಂದು ಮೊದಲ ಪುಟದಲ್ಲಿ ಹಾಕಿದರೆ ಸಾಲದೇ? ಹೆಡ್‌ಮಾಸ್ಟರ್ ಭಾಗ ತೆಗೆದರೆ ಕಥೆಯೇ ಉಳಿಯುವುದಿಲ್ಲ. ಇಟ್ಟರೆ, ಯಾಕೋ ನನಗೇ ಸರಿ ಅನಿಸುತ್ತಿಲ್ಲ. ಆರು ತಿಂಗಳಿಂದ ಹಸ್ತಪ್ರತಿ ಬೀರುವಿನಲ್ಲಿದೆ. ಏನು ಮಾಡಲಿ?

(ಹೆಸರು ಬೇಡ ಎಂದಿದ್ದಾರೆ, ಮದ್ದೂರು)

ಉತ್ತರ: ಮೇಡಂ, ಪತ್ರದ ಜೊತೆ ನೀವು ಕಳಿಸಿದ ಮೂರು ಅಧ್ಯಾಯಗಳನ್ನು ಎರಡು ಸಲ ಓದಿದೆ. ಮೊದಲು ಹಸ್ತಪ್ರತಿಯನ್ನು ಬೀರುವಿನಿಂದ ಹೊರಗೆ ತೆಗೆಯಿರಿ. ಇಂಥ ಕಥೆ ನಮ್ಮ ಮಕ್ಕಳಿಗೆ ಬೇಕು.

ನಾನು ಮೈಸೂರಿನ ಒಂದು ಕನ್ನಡ ದಿನಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡಿದವನು. 11 ವರ್ಷ ಮಕ್ಕಳ ಪುಟ ನೋಡಿಕೊಂಡೆ. ಈಗ ಬೇಸಿಗೆ ರಜೆ, ದಸರಾ ರಜೆಗಳಲ್ಲಿ ಮೈಸೂರು, ಮಂಡ್ಯ ಕಡೆಯ ಮಕ್ಕಳ ಜೊತೆ ಕೂತು ಗೋಡೆ ಪತ್ರಿಕೆ ಮಾಡಿಸುತ್ತೇನೆ. ನಿಮ್ಮ ಗೌರಿಯಂಥ ಮಕ್ಕಳನ್ನು ಪ್ರತಿ ಶಿಬಿರದಲ್ಲೂ ಕಂಡಿದ್ದೇನೆ. ಆ ಅನುಭವದಿಂದಲೇ ಉತ್ತರ ಬರೆಯುತ್ತಿದ್ದೇನೆ.

ನಿಮ್ಮ ಪತ್ರದಲ್ಲಿ ಬೇಕಾದಷ್ಟು ಭಯ ಇದೆ. ಆದರೆ ಹೆಚ್ಚಿನದೆಲ್ಲ ನಿಮ್ಮ ಸ್ನೇಹಿತರದ್ದು. ನಿಮ್ಮದೇ ಆದದ್ದು ಒಂದೇ ಮಾತು: ‘ಯಾಕೋ ನನಗೇ ಸರಿ ಅನಿಸುತ್ತಿಲ್ಲ.’ ಆ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಉಳಿದವನ್ನು ಬೇಗ ಮುಗಿಸಿ ಅಲ್ಲಿಗೆ ಬರೋಣ.

ರಿಜಿಸ್ಟ್ರೇಷನ್ ಮಾತು ತಪ್ಪು ತಿಳಿವಳಿಕೆ. ಪತ್ರಿಕೆಗಳ ನೋಂದಣಿಗೆ ನಮ್ಮಲ್ಲಿ 1867ರ ಬ್ರಿಟಿಷರ ಕಾಲದ ಕಾನೂನು ಇತ್ತು. ಅದರ ಬದಲಿಗೆ 2023ರಲ್ಲಿ ಹೊಸ ಕಾನೂನು ಬಂತು. ಅದು 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಅದು ಹೇಳುವುದು ಅಚ್ಚಾಗಿ, ದಿನಕ್ಕೋ ವಾರಕ್ಕೋ ತಿಂಗಳಿಗೋ ಹೊರಬರುವ ಪತ್ರಿಕೆಗಳ ಬಗ್ಗೆ. ಡ್ರಾಯಿಂಗ್ ಶೀಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದು ಮೈದಾ ಗೋಂದು ಹಚ್ಚಿ ಅಂಟಿಸಿದ ಒಂದೇ ಒಂದು ಹಾಳೆಗೆ ಯಾವ ರಿಜಿಸ್ಟ್ರೇಷನ್ನೂ ಬೇಡ. ಗೌರಿ ಅದನ್ನು ಅರಳಿಕಟ್ಟೆಗೆ ಅಂಟಿಸಿದರೂ ಬೇಡ.

ಇನ್ನು ಮಕ್ಕಳು ಮೇಷ್ಟ್ರ ಮೇಲೆ ತಿರುಗಿ ಬೀಳುವ ಮಾತು. ನಿಮ್ಮ ಸಹೋದ್ಯೋಗಿಗಳ ಮೇಲೆ ನನಗೆ ಸಿಟ್ಟಿಲ್ಲ. ಪತ್ರಿಕೆ ಅಂದರೆ ಯಾರದ್ದೋ ತಪ್ಪು ಹಿಡಿಯುವುದು ಅಂತ ಟಿ.ವಿ. ನಮಗೆಲ್ಲ ಕಲಿಸಿಬಿಟ್ಟಿದೆ. ಆದರೆ ನಮ್ಮ ಸೀಮೆಯಲ್ಲಿ ಮೇಷ್ಟ್ರು ಮತ್ತು ಪತ್ರಿಕೆ ಎದುರಾಳಿಗಳಾಗಿರಲಿಲ್ಲ. ತಾತಯ್ಯ ಎಂದೇ ಮೈಸೂರು ನೆನೆಯುವ ಎಂ. ವೆಂಕಟಕೃಷ್ಣಯ್ಯನವರು (1844–1933) ಮರಿಮಲ್ಲಪ್ಪ ಶಾಲೆಯ ಹೆಡ್‌ಮಾಸ್ಟರ್. ‘ವೃತ್ತಾಂತ ಚಿಂತಾಮಣಿ’, ‘ಸಾಧ್ವಿ’ ಪತ್ರಿಕೆಗಳನ್ನು ನಡೆಸಿದವರೂ ಅವರೇ. 1908ರಲ್ಲಿ ಮೈಸೂರು ಸಂಸ್ಥಾನ ಪತ್ರಿಕೆಗಳ ಬಾಯಿ ಕಟ್ಟುವ ಕಾನೂನು ತಂದಾಗ, ಅದನ್ನು ವಿರೋಧಿಸಿ ತಮ್ಮ ಪತ್ರಿಕೆ ನಿಲ್ಲಿಸಿದರು. ಪಾಠ ಹೇಳುವ ಕೈಯೇ ಸಂಪಾದಕೀಯವನ್ನೂ ಬರೆದ ಊರು ಇದು. ನಿಮ್ಮ ಕಾದಂಬರಿಯ ಸ್ಟಾಫ್ ರೂಮಿನ ಗೋಡೆಯಲ್ಲಿ ತಾತಯ್ಯನವರ ಫೋಟೊ ಒಂದು ಇರಲಿ. ಅದರ ಬಗ್ಗೆ ಯಾರೂ ಮಾತಾಡುವುದು ಬೇಡ. ಅಲ್ಲಿದ್ದರೆ ಸಾಕು.

ಶಿಬಿರಗಳಲ್ಲಿ ನಾನು ಕಂಡದ್ದನ್ನೂ ಹೇಳಬೇಕು. ಗೋಡೆ ಪತ್ರಿಕೆ ಮಾಡುವ ಮಕ್ಕಳು ಹೆಚ್ಚು ಜಗಳ ಆಡುವುದು ತಮ್ಮತಮ್ಮಲ್ಲೇ. ಮೊದಲ ಸಂಚಿಕೆಯಲ್ಲಿ ಸುದ್ದಿಯೇ ಇರುವುದಿಲ್ಲ. ಒಂದು ಸುಭಾಷಿತ, ಎರಡು ಗಾದೆ, ಗುಲಾಬಿ ಹೂವಿನ ಚಿತ್ರ, ಈ ತಿಂಗಳು ಹುಟ್ಟಿದವರ ಪಟ್ಟಿ. ಮೂರನೇ ಸಂಚಿಕೆಯ ಹೊತ್ತಿಗೆ ಯಾರೋ ಒಬ್ಬ ಹುಡುಗ ‘ನಲ್ಲಿ ಸೋರ್ತಾ ಇದೆ, ಹಾಕೋಣ್ವಾ?’ ಅಂತಾನೆ. ಅಲ್ಲಿಂದ ಪತ್ರಿಕೆ ಶುರು. ಇನ್ನೊಂದು ವಿಚಾರ: ಅಕ್ಷರ ಮುದ್ದಾಗಿರುವ ಹುಡುಗಿಯೇ ಯಾವಾಗಲೂ ಸಂಪಾದಕಿ ಆಗುತ್ತಾಳೆ. ಆದರೆ ಒಳ್ಳೆಯ ಪ್ರಶ್ನೆ ಕೇಳುವವನ ಅಕ್ಷರ ಸಾಮಾನ್ಯವಾಗಿ ಕೋಳಿಕಾಲು. ಅವರಿಬ್ಬರಿಗೂ ಒಬ್ಬರಿಗೊಬ್ಬರು ಬೇಕು. ನಿಮ್ಮ ಗೌರಿ ಬರೆಯುತ್ತಾಳೆ, ಕೇಳುತ್ತಾಳೆ, ಎಣಿಸುತ್ತಾಳೆ, ಧೈರ್ಯವನ್ನೂ ಮಾಡುತ್ತಾಳೆ. ಉಳಿದ ಮೂವರು ಬರೀ ತಲೆ ಆಡಿಸುತ್ತಾರೆ. ಆ ಕೆಲಸವನ್ನು ನಾಲ್ವರಿಗೂ ಹಂಚಿ.

ಈಗ ನಿಮಗೆ ಸರಿ ಅನಿಸದಿರುವ ಜಾಗಕ್ಕೆ ಬರೋಣ. ಮಕ್ಕಳು 112 ಅಂದರು, 90 ಅಂದರು, ಕಳೆದರು, 22 ಬಂತು. ತಕ್ಷಣ ಕಳ್ಳ ಯಾರೆಂದು ಬರೆದರು. ಹೆಡ್‌ಮಾಸ್ಟರನ್ನು ಒಂದು ಮಾತು ಕೇಳಲಿಲ್ಲ. ಅಡುಗೆ ಅಕ್ಕನನ್ನೂ ಕೇಳಲಿಲ್ಲ. ನೀವು 31 ವರ್ಷ ಶಾಲೆಯಲ್ಲಿ ಇದ್ದವರು. 112 ಅನ್ನುವುದು ದಾಖಲಾತಿ, ಹಾಜರಾತಿ ಅಲ್ಲ ಅಂತ ನಿಮ್ಮ ಮನಸ್ಸಿಗೆ ಗೊತ್ತು. ಅದಕ್ಕೇ ಒಳಗೆ ಚುಚ್ಚುತ್ತಿದೆ.

ಸುಮ್ನೆ ಲೆಕ್ಕ ಹಾಕಿ ನೋಡಿ. ಆ ದಿನ 8 ಮಕ್ಕಳು ಬಂದಿಲ್ಲ ಅಂತ ಇಟ್ಟುಕೊಳ್ಳೋಣ. ಕಬ್ಬು ಕಡಿಯುವ ಕಾಲದಲ್ಲಿ ನಮ್ಮ ಕಡೆ ಅದೇನೂ ಜಾಸ್ತಿ ಅಲ್ಲ. ಉಳಿದದ್ದು 104. ಅವರಲ್ಲಿ 14 ಮಕ್ಕಳು ಮೊಟ್ಟೆ ತಿನ್ನುವುದಿಲ್ಲ, ಬಾಳೆಹಣ್ಣು ತೆಗೆದುಕೊಳ್ಳುತ್ತಾರೆ. 104ರಲ್ಲಿ 14 ಕಳೆದರೆ 90. ನಿಮ್ಮ ಕಾದಂಬರಿಯ ಕಳ್ಳತನ ಹಾಜರಿ ಪುಸ್ತಕದ ಒಂದು ಪುಟದಲ್ಲಿ ಮಾಯವಾಯಿತು. ನೀವು ಆರಿಸಿಕೊಂಡ ಅಂಕಿಗಳೇ ಇಷ್ಟು ಸಲೀಸಾಗಿ ಹೊಂದುತ್ತವೆ. ಮುಂದಿನ ಕಥೆ ಅಲ್ಲೇ ಕಾಯುತ್ತಿದೆ ಅಂತ ನನಗೆ ಅನಿಸಿತು.

ಯಾಕೆಂದರೆ ಈ ಮೊಟ್ಟೆಯ ಹಿಂದೆ ನಿಜವಾದ ಸುದ್ದಿ ಬೇರೆ ಇದೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ ಕೊಡುವುದು ಶುರುವಾಯಿತು. ಒಂದು ಮೊಟ್ಟೆಗೆ ಇಟ್ಟ ದರ 6 ರೂಪಾಯಿ. ಮೊಟ್ಟೆ ಖರೀದಿ, ಬೇಯಿಸುವ ಗ್ಯಾಸು, ಸಿಪ್ಪೆ ಸುಲಿಯುವ ಕೂಲಿ ಎಲ್ಲವೂ ಅಷ್ಟರಲ್ಲೇ ಆಗಬೇಕು. ಅಂಗಡಿಯಲ್ಲಿ ಮೊಟ್ಟೆಯ ಬೆಲೆಯೇ ಆರು ರೂಪಾಯಿ ದಾಟಿದಾಗ ಏನಾಗುತ್ತದೆ? ಹೆಡ್‌ಮಾಸ್ಟರ್‌ಗಳು ಕೈಯಿಂದ ದುಡ್ಡು ಹಾಕಿದ ಸುದ್ದಿ ಪತ್ರಿಕೆಗಳಲ್ಲಿ ಹಲವು ಸಲ ಬಂದಿದೆ. ಒಂದು ಮೊಟ್ಟೆಗೆ ಬರೀ ಐವತ್ತು ಪೈಸೆ ಕಮ್ಮಿ ಬಿದ್ದರೂ 90 ಮೊಟ್ಟೆಗೆ ದಿನಕ್ಕೆ 45 ರೂಪಾಯಿ. ವಾರಕ್ಕೆ 270. ತಿಂಗಳಿಗೆ ಸಾವಿರ ದಾಟುತ್ತದೆ. ಕಳ್ಳ ಎಂದು ಬರೆಸಿಕೊಂಡ ಮನುಷ್ಯ ತನ್ನ ಜೇಬಿನಿಂದ ಸಾವಿರ ರೂಪಾಯಿ ಹಾಕುತ್ತಿದ್ದಾನೆ. ಅದನ್ನು ಯಾರಿಗೂ ಹೇಳಿಲ್ಲ. ಹೇಳಿದರೆ ಮೇಲಿನವರು ‘ನಿಮಗೆ ಮಾತ್ರ ಯಾಕೆ ಸಾಲದು?’ ಅಂತಾರೆ ಎನ್ನುವ ಅಳುಕು.

ನಿಮ್ಮ ಮಕ್ಕಳು ಇನ್ನೊಂದು ಪ್ರಶ್ನೆ ಕೇಳಿದ್ದರೆ ಈ ಸುದ್ದಿ ಅವರ ಕೈಗೆ ಸಿಗುತ್ತಿತ್ತು. ‘ಹೆಡ್‌ಮಾಸ್ಟರ್ ಮೊಟ್ಟೆ ಕದ್ದರು’ ಅನ್ನುವುದಕ್ಕಿಂತ ‘ಆರು ರೂಪಾಯಿಗೆ ಮೊಟ್ಟೆ ಬರುತ್ತಾ?’ ಅನ್ನುವುದು ದೊಡ್ಡ ಸುದ್ದಿ, ಅಲ್ವಾ? ಅದನ್ನು ಬರೆಯಲು ಧೈರ್ಯವೂ ಜಾಸ್ತಿ ಬೇಕು.

ಇಷ್ಟು ಒತ್ತಿ ಹೇಳಲು ನನ್ನದೇ ಒಂದು ಕಾರಣ ಇದೆ. ವರದಿಗಾರನಾಗಿ ಎರಡನೇ ವರ್ಷ. ಒಂದು ವಿದ್ಯಾರ್ಥಿನಿಲಯದಲ್ಲಿ ಅಕ್ಕಿ ಮೂಟೆ ಕಮ್ಮಿ ಇವೆ ಎಂದು ಹುಡುಗರು ಹೇಳಿದರು. ನಾನೇ ಹೋಗಿ ಎಣಿಸಿದೆ. ದಾಖಲೆಯಲ್ಲಿ ಇದ್ದದ್ದಕ್ಕಿಂತ ಏಳು ಮೂಟೆ ಕಮ್ಮಿ. ವಾರ್ಡನ್ ಊರಿನಲ್ಲಿ ಇರಲಿಲ್ಲ. ಮಾರನೇ ದಿನ ಬರುತ್ತಾರೆ ಅಂದರು. ನಾನು ಕಾಯಲಿಲ್ಲ. ಸುದ್ದಿ ಮೂರು ಕಾಲಂ ಬಂತು. ಆಮೇಲೆ ತಿಳಿಯಿತು, ಆ ಏಳು ಮೂಟೆಗಳನ್ನು ಅಕ್ಕಿ ಬಾರದೆ ಒದ್ದಾಡುತ್ತಿದ್ದ ಪಕ್ಕದ ಹಾಸ್ಟೆಲ್ಲಿಗೆ ಕೈಗಡವಾಗಿ ಕೊಟ್ಟಿದ್ದರು. ಚೀಟಿಯೂ ಇತ್ತು. ನಾವು ತಿದ್ದುಪಡಿ ಹಾಕಿದೆವು. ಒಳಪುಟದಲ್ಲಿ, ಕೆಳಗೆ, ನಾಲ್ಕು ಸಾಲು. ಸ್ವಲ್ಪ ದಿನದ ಮೇಲೆ ಆ ವಾರ್ಡನ್ ನನ್ನನ್ನು ಕಂಡಾಗ ಬೈಯಲಿಲ್ಲ. ‘ನನ್ನ ಮಗಳು ಶಾಲೆಗೆ ಹೋಗಲ್ಲ ಅಂತಾ ಇದಾಳೆ ಸಾರ್’ ಅಂದರು. ಮೂರು ಕಾಲಂ ಓದಿದವರು ನಾಲ್ಕು ಸಾಲು ಓದಿರಲಿಲ್ಲ. ಅಂದಿನಿಂದ ಮಕ್ಕಳಿಗೆ ನಾನು ಮೊದಲು ಹೇಳಿಕೊಡುವುದು ಒಂದೇ: ಯಾರ ಬಗ್ಗೆ ಬರೆಯುತ್ತೀಯೋ ಅವರನ್ನು ಕೇಳು. ಅವರು ಇಲ್ಲದಿದ್ದರೆ ಕಾಯಿ.

ಹಾಗಾದರೆ ಹೆಡ್‌ಮಾಸ್ಟರ್ ಭಾಗ ತೆಗೆಯಬೇಕೇ? ಬೇಡ. ನಿಮ್ಮ ಮುಂದೆ ಮೂರು ದಾರಿ ಇವೆ ಅಂತ ನನಗೆ ಕಾಣುತ್ತದೆ.

ಅವರನ್ನು ಕಳ್ಳನಾಗಿಯೇ ಉಳಿಸಬಹುದು. ಹಾಗೆ ಮಾಡಿದರೆ ಮಕ್ಕಳ ಕೈಯಲ್ಲಿ ಗುಮಾನಿ ಸಾಲದು, ದಾಖಲೆ ಇರಬೇಕು. ಉದಾಹರಣೆಗೆ ತರಗತಿಯ ಹಾಜರಿಯಲ್ಲಿ 104, ಬಿಸಿಯೂಟದ ರಿಜಿಸ್ಟರಿನಲ್ಲಿ ಅದೇ ದಿನ 112. ಎರಡು ಪುಸ್ತಕ ಎದುರಾಬದುರು ಇಟ್ಟಾಗ ಸುಳ್ಳು ತಾನಾಗಿ ಎದ್ದು ಕಾಣುತ್ತದೆ. ಈ ದಾರಿಯ ಅಪಾಯ ಏನೆಂದರೆ, ಕೆಟ್ಟ ಮೇಷ್ಟ್ರು, ಒಳ್ಳೆ ಮಕ್ಕಳು ಅನ್ನುವ ಕಥೆ ಬಹಳ ಬೇಗ ತೆಳುವಾಗುತ್ತದೆ. ಯಾರೋ ಒಬ್ಬರು ‘ಇದು ನಾನೇ’ ಅನ್ನುವ ಸಾಧ್ಯತೆಯೂ ಇಲ್ಲೇ ಹೆಚ್ಚು.

ಯಾರು ಸರಿ ಎಂದು ಹೇಳದೆ ಬಿಡಬಹುದು. ಗೊತ್ತಿರುವುದು ಇಷ್ಟು, ಗೊತ್ತಿಲ್ಲದ್ದು ಇಷ್ಟು ಎಂದು ಮಕ್ಕಳು ಬರೆದು ನಿಲ್ಲಿಸುತ್ತಾರೆ. ಪತ್ರಿಕೆಯ ಕೆಲಸದಲ್ಲಿ ಇದು ಪ್ರಾಮಾಣಿಕ ದಾರಿ. ಆದರೆ ಹತ್ತು ವರ್ಷದ ಓದುಗ ಪುಸ್ತಕ ಮುಚ್ಚಿ ‘ಮೊಟ್ಟೆ ಏನಾಯ್ತು?’ ಅಂತ ಕೇಳುತ್ತಾನೆ. ಅವನಿಗೆ ಉತ್ತರ ಕೊಡದಿದ್ದರೆ ಮೋಸ ಹೋದ ಹಾಗೆ ಆಗುತ್ತದೆ.

ನನ್ನ ಮನಸ್ಸು ಒಪ್ಪುವುದು ಮೂರನೆಯದು. ಮಕ್ಕಳು ತಪ್ಪು ಬರೆಯಲಿ. ಹೆಡ್‌ಮಾಸ್ಟರ್ ಸಿಟ್ಟಿನಲ್ಲಿ ಪತ್ರಿಕೆ ಹರಿಯಲಿ. ಹಾಳೆ ಹರಿದಾಗ ಮಕ್ಕಳಿಗೆ ತಾವೇ ಸರಿ ಎಂದು ಇನ್ನೂ ಗಟ್ಟಿಯಾಗುತ್ತದೆ, ನಿಜ ಜೀವನದಲ್ಲಿ ಆಗುವ ಹಾಗೆಯೇ. ಅರಳಿಕಟ್ಟೆಗೂ ಅಂಟಿಸಲಿ. ಊರೆಲ್ಲ ಓದಲಿ. ಆಮೇಲೆ ಆ ಕೋಳಿಕಾಲು ಅಕ್ಷರದ ಹುಡುಗನಿಗೆ ಬಾಳೆಹಣ್ಣು ನೆನಪಾಗಲಿ. ಬೆಳಗಿನ ಪ್ರಾರ್ಥನೆಯಲ್ಲಿ ‘ಇಂದಿನ ಸುದ್ದಿ’ ಓದುವ ಪದ್ಧತಿ ನಮ್ಮ ಶಾಲೆಗಳಲ್ಲಿ ಇದೆಯಲ್ಲ, ಅಲ್ಲಿ ಗೌರಿ 112 ಮಕ್ಕಳ ಎದುರು ನಿಂತು ತಿದ್ದುಪಡಿ ಓದಲಿ. ನಿಮ್ಮ ಈಗಿನ ಕೊನೆಯ ಅಧ್ಯಾಯಕ್ಕಿಂತ ಆ ಮೂರು ನಿಮಿಷ ಓದುಗನ ಎದೆ ಹೆಚ್ಚು ಬಡಿಸುತ್ತದೆ. ಅದಾದ ಮೇಲೆ ಆರು ರೂಪಾಯಿಯ ಸುದ್ದಿ ಬರಲಿ.

ಇದಕ್ಕೂ ಅಪಾಯ ಇದೆ. ‘ನೋಡಿದ್ರಾ, ದೊಡ್ಡವರು ಹೇಳಿದ್ದೇ ಸರಿ, ಮಕ್ಕಳು ಬಾಯಿ ಮುಚ್ಚಿಕೊಂಡಿರಬೇಕು’ ಅನ್ನುವ ಕಥೆಯಾಗಿ ಜಾರಿಬಿಡಬಹುದು. ಅದಾಗದ ಹಾಗೆ ನೋಡಿಕೊಳ್ಳಿ. ಪತ್ರಿಕೆ ಹರಿದದ್ದು ಹೆಡ್‌ಮಾಸ್ಟರ್ ತಪ್ಪು. ಅವರೂ ಅದನ್ನು ಒಪ್ಪಿಕೊಳ್ಳಬೇಕು. ಬಾಯಲ್ಲಿ ಹೇಳದಿದ್ದರೂ ಪರವಾಗಿಲ್ಲ. ಹೊಸ ಡ್ರಾಯಿಂಗ್ ಶೀಟು ತಂದು ಗೌರಿಯ ಬೆಂಚಿನ ಮೇಲೆ ಇಟ್ಟು ಹೋದರೂ ಸಾಕು. ಮಕ್ಕಳು ಎಣಿಸಿದ್ದೂ ತಪ್ಪಲ್ಲ. ಎಣಿಸುವುದನ್ನು ಅರ್ಧಕ್ಕೆ ಬಿಟ್ಟಿದ್ದು ತಪ್ಪು. ಈ ವ್ಯತ್ಯಾಸ ಕಥೆಯಲ್ಲಿ ಕಾಣಬೇಕು.

ಇಂಗ್ಲಿಷ್ ಕಾದಂಬರಿಗಳಿಂದ ಬಂದ ಒಂದು ವಿಷಯ ನಿಮ್ಮ ಕಥೆಯಲ್ಲಿ ಹೊಂದುತ್ತಿಲ್ಲ. ಅಮೆರಿಕದ ಕಥೆಗಳಲ್ಲಿ ಪ್ರಿನ್ಸಿಪಾಲ್ ಪುಟ ಕಿತ್ತು ಹಾಕುವುದು, ಮಕ್ಕಳು ಹೊರಗೆ ಹೋಗಿ ಪತ್ರಿಕೆ ತರುವುದು ಹೆಚ್ಚು. ಅದಕ್ಕೆ ಅಲ್ಲಿನದೇ ಕಾರಣ ಇದೆ. 1983ರಲ್ಲಿ ಮಿಸ್ಸೌರಿಯ ಹೇಝಲ್‌ವುಡ್ ಎಂಬಲ್ಲಿ ಒಬ್ಬ ಪ್ರಿನ್ಸಿಪಾಲ್ ಶಾಲಾ ಪತ್ರಿಕೆಯ ಎರಡು ಪುಟ ತೆಗೆದರು. ಮಕ್ಕಳು ಕೋರ್ಟಿಗೆ ಹೋದರು. 1988ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 5–3ರಲ್ಲಿ ಶಾಲೆಯ ಪರ ತೀರ್ಪು ಕೊಟ್ಟಿತು. ಶಾಲೆ ದುಡ್ಡು ಕೊಟ್ಟು, ಪಾಠದ ಭಾಗವಾಗಿ ನಡೆಸುವ ಪತ್ರಿಕೆಯನ್ನು ಶಾಲೆ ತಿದ್ದಬಹುದು ಎಂದಿತು. ತೆಗೆದ ಪುಟಗಳಲ್ಲಿ ಒಂದು ಲೇಖನ ತಂದೆತಾಯಿಯ ವಿಚ್ಛೇದನದ ಬಗ್ಗೆ ಇತ್ತು. ಒಬ್ಬ ಹುಡುಗಿ ಅಪ್ಪನನ್ನು ದೂರಿದ್ದಳು. ಆ ಅಪ್ಪನಿಗೆ ಉತ್ತರ ಹೇಳುವ ಅವಕಾಶವನ್ನೇ ಕೊಟ್ಟಿಲ್ಲ ಅನ್ನುವುದು ಪ್ರಿನ್ಸಿಪಾಲರ ಆಕ್ಷೇಪಗಳಲ್ಲಿ ಒಂದು. ಪುಟ ಕಿತ್ತದ್ದನ್ನು ನಾನು ಒಪ್ಪುವುದಿಲ್ಲ. ಆದರೆ ಆ ಆಕ್ಷೇಪ ಸರಿಯಾಗಿತ್ತು.

ಅದರ ಪಕ್ಕದ ರಾಜ್ಯ ಕಾನ್ಸಾಸ್‌ನಲ್ಲಿ 2017ರಲ್ಲಿ ಬೇರೆಯೇ ನಡೆಯಿತು. ಪಿಟ್ಸ್‌ಬರ್ಗ್ ಹೈಸ್ಕೂಲಿಗೆ ಹೊಸ ಪ್ರಿನ್ಸಿಪಾಲ್ ನೇಮಕ ಆದರು. ಶಾಲಾ ಪತ್ರಿಕೆಯ ಮಕ್ಕಳು ಅವರ ಪರಿಚಯ ಬರೆಯಲು ಹೊರಟರು. ಅವರು ಓದಿದೆ ಎಂದ ವಿಶ್ವವಿದ್ಯಾಲಯವನ್ನು ಹುಡುಕಿದರೆ ಸರಿಯಾದ ಮಾನ್ಯತೆಯೇ ಸಿಗಲಿಲ್ಲ. ಮಕ್ಕಳು ಪ್ರಿನ್ಸಿಪಾಲರನ್ನೇ ಕೇಳಿದರು. ಉತ್ತರಗಳು ಒಂದಕ್ಕೊಂದು ಹೊಂದಲಿಲ್ಲ. ಅದನ್ನು ಹಾಗೆಯೇ ಬರೆದರು. ಅವರು ಕೆಲಸಕ್ಕೆ ಸೇರುವ ಮೊದಲೇ ರಾಜೀನಾಮೆ ಕೊಟ್ಟರು. ಯಾರನ್ನೂ ಹಿಡಿಯಲು ಹೊರಟ ಮಕ್ಕಳಲ್ಲ ಅವರು. ಸ್ವಾಗತ ಲೇಖನ ಬರೆಯಲು ಕೂತವರು. ಹೆಡ್‌ಮಾಸ್ಟರನ್ನು ತಪ್ಪಿತಸ್ಥ ಮಾಡಲೇಬೇಕು ಎಂದು ನಿಮಗೆ ಅನಿಸಿದರೆ, ಈ ಮಕ್ಕಳು ನಡೆದ ಹಾಗೆ ಗೌರಿಯನ್ನೂ ನಡೆಸಿ.

ನಮ್ಮ ಕಡೆಯ ಕಾನೂನು ಬೇರೆ. ನಿಮ್ಮ ಕಥೆಯ ಟಿಸಿ ಪ್ರಸಂಗ ಇಲ್ಲಿ ಕೈಕೊಡುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. 17ನೇ ಸೆಕ್ಷನ್ ಹೊಡೆಯುವುದನ್ನೂ, ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ಗೌರಿ ಎಂಟನೇ ತರಗತಿ. ಅವಳ ಕೈಗೆ ಬಲವಂತವಾಗಿ ಟಿಸಿ ಕೊಟ್ಟರೆ ತಪ್ಪು ಹೆಡ್‌ಮಾಸ್ಟರದ್ದು. ಹಾಗಾಗಿ ‘ಟಿಸಿ ಕೊಟ್ಟು ಕಳಿಸ್ತೀನಿ’ ಎಂದು ಗದರಿಸುವುದನ್ನು ಇಟ್ಟುಕೊಳ್ಳಿ, ಅದು ಎಲ್ಲ ಶಾಲೆಯಲ್ಲೂ ಕೇಳುವ ಮಾತು. ನಿಜವಾಗಿ ಕೊಡುವುದನ್ನು ತೆಗೆಯಿರಿ. ಆ ಗದರಿಕೆಗೆ ಗೌರಿಯ ಅಪ್ಪ ಹೆದರಿ ಮಗಳ ಸ್ಕೆಚ್ ಪೆನ್ ಕಿತ್ತಿಡುವ ದೃಶ್ಯ ಬರೆಯಿರಿ. ನಮ್ಮಲ್ಲಿ ಮಕ್ಕಳ ಪತ್ರಿಕೆ ನಿಲ್ಲುವುದು ಹೆಚ್ಚಾಗಿ ಮನೆಯಲ್ಲಿ.

ಮದುವೆಯ ಅಧ್ಯಾಯದ ಬಗ್ಗೆ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಅಲ್ಲಿ ಮಕ್ಕಳು ಹುಡುಗಿಯ ಹೆಸರು, ಅವಳ ಅಪ್ಪನ ಹೆಸರು, ಬೀದಿಯ ಹೆಸರು ಎಲ್ಲ ಹಾಕಿ ಹೀರೋಗಳಾಗುತ್ತಾರೆ. ಇದು ಆಗಬಾರದು. ಮದುವೆಯ ಅಪಾಯದಲ್ಲಿರುವ ಅಪ್ರಾಪ್ತ ಹುಡುಗಿ 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ರಕ್ಷಣೆ ಬೇಕಿರುವ ಮಗು. ಅಂಥ ಮಗುವಿನ ಗುರುತು ಹೊರಗೆ ಹಾಕುವುದನ್ನು ಅದೇ ಕಾಯ್ದೆಯ 74ನೇ ಸೆಕ್ಷನ್ ತಡೆಯುತ್ತದೆ. ಪತ್ರಿಕೆಯವರು ಹಾಗೆ ಮಾಡಿದರೆ ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು. ಕಾನೂನನ್ನು ಪಕ್ಕಕ್ಕಿಟ್ಟು ನೋಡಿದರೂ ಅಷ್ಟೇ. ಮದುವೆ ನಿಂತ ಮೇಲೆ ಆ ಹುಡುಗಿ ಅದೇ ಬೀದಿಯಲ್ಲಿ ಓಡಾಡಬೇಕು.

ಆ ಅಧ್ಯಾಯವನ್ನು ತಿರುಗಿಸಿ ಬರೆಯಿರಿ. ಮಕ್ಕಳ ಕೈಗೆ ಅವರ ಪತ್ರಿಕೆಯ ಅತಿ ದೊಡ್ಡ ಸುದ್ದಿ ಸಿಗುತ್ತದೆ. ಹಾಕಬೇಕು ಅಂತ ಇಬ್ಬರು, ಬೇಡ ಅಂತ ಇಬ್ಬರು. ಕೊನೆಗೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಮಾಡುತ್ತಾರೆ. ಮದುವೆ ನಿಲ್ಲುತ್ತದೆ. ಆ ವಾರದ ಪತ್ರಿಕೆಯಲ್ಲಿ ಅದರ ಒಂದು ಅಕ್ಷರವೂ ಇರುವುದಿಲ್ಲ. ಆ ಜಾಗದಲ್ಲಿ ಆಲೆಮನೆಯಲ್ಲಿ ಬೆಲ್ಲ ಮಾಡುವ ಬಗೆಯ ಚಿತ್ರ ಇರುತ್ತದೆ. ಊರಿಗೆ ಏನೂ ಗೊತ್ತಿಲ್ಲ. ನಾಲ್ವರು ಮಕ್ಕಳಿಗೆ ಗೊತ್ತು, ಆ ಹುಡುಗಿಗೆ ಗೊತ್ತು, ನಿಮ್ಮ ಓದುಗನಿಗೆ ಗೊತ್ತು. ಬರೆಯದೆ ಉಳಿಸಿದ ಸುದ್ದಿಯ ಅಧ್ಯಾಯವನ್ನು ಕನ್ನಡದ ಮಕ್ಕಳಿಗೆ ಕೊಡಿ ಮೇಡಂ. ನನಗೆ ಅದರ ಬಗ್ಗೆ ಬಹಳ ಆಸೆ ಇದೆ.

ಕೇಸಿನ ಭಯ ಪೂರ್ತಿ ಸುಳ್ಳಲ್ಲ. ‘ಪಾತ್ರಗಳೆಲ್ಲ ಕಾಲ್ಪನಿಕ’ ಎಂಬ ಸಾಲು ಹಾಕಿ, ಅದರಿಂದ ನಷ್ಟವಿಲ್ಲ. ಆದರೆ ಅದು ಮಂತ್ರ ಅಲ್ಲ. ಮಾನನಷ್ಟದ ಕಾನೂನು ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ನಿನಲ್ಲಿದೆ. ಅಲ್ಲಿ ಮುಖ್ಯವಾಗುವುದು, ಓದಿದವರು ‘ಇದು ಇಂಥವರೇ’ ಎಂದು ಗುರುತು ಹಿಡಿಯುವಂತಿದೆಯೇ ಅನ್ನುವುದು. ಹೆಸರು ಬದಲಿಸಿ ಉಳಿದದ್ದೆಲ್ಲ ಹಾಗೇ ಬಿಟ್ಟರೆ ಆ ಸಾಲು ಕಾಪಾಡುವುದಿಲ್ಲ. ನೀವು ಕಳಿಸಿದ ಅಧ್ಯಾಯದಲ್ಲಿ ಹೆಡ್‌ಮಾಸ್ಟರ್ ಬುಲೆಟ್ ಓಡಿಸುತ್ತಾರೆ, ಗಣಿತದ ಮೇಷ್ಟ್ರು, ಒಂದು ಕಿವಿ ಸರಿಯಾಗಿ ಕೇಳುವುದಿಲ್ಲ, ನಾಗಮಂಗಲದ ಕಡೆಯವರು. ಇಷ್ಟೂ ಒಬ್ಬರಿಂದಲೇ ಬಂದಿದೆ ಅಂತ ನನ್ನ ಊಹೆ. ನಿಮ್ಮ ಸಹೋದ್ಯೋಗಿಗಳು ಹೆದರಿದ್ದು ಅದಕ್ಕೇ ಇರಬೇಕು. ಎಲ್ಲವನ್ನೂ ಬದಲಿಸಿ. ಹೆಡ್‌ಮಾಸ್ಟರನ್ನು ಹೆಡ್‌ಮಿಸ್ ಮಾಡಿದರೂ ಕಥೆಗೆ ಏನೂ ಕಮ್ಮಿಯಾಗದು. ಇಲ್ಲದ ಊರಿಗೆ ಇಲ್ಲದ ಹೆಸರು ಇಡಿ. ಶಿಂಷಾ ಹೊಳೆ, ವಿ.ಸಿ. ನಾಲೆ, ಕಬ್ಬಿನ ಗಾಡಿ ಎಲ್ಲ ಇರಲಿ. ಅವು ಯಾರ ಮೇಲೂ ಕೇಸು ಹಾಕುವುದಿಲ್ಲ. ಅಚ್ಚಿಗೆ ಕೊಡುವ ಮೊದಲು ಒಬ್ಬ ವಕೀಲರಿಗೆ ಓದಲು ಕೊಡಿ. ಹೆಡ್‌ಮಾಸ್ಟರ್ ನಿರಪರಾಧಿ ಆಗುವ ದಾರಿ ಹಿಡಿದರೆ ಈ ಭಯ ಮುಕ್ಕಾಲು ಪಾಲು ತಾನಾಗಿ ಇಳಿಯುತ್ತದೆ. ಆದರೆ ಆ ಕಾರಣಕ್ಕೆ ಮಾತ್ರ ಆ ದಾರಿ ಹಿಡಿಯಬೇಡಿ.

ಮಾತಿನ ವಿಷಯ. ಮಂಡ್ಯದ ಮಾತನ್ನು ದಯವಿಟ್ಟು ತೆಗೆಯಬೇಡಿ. ನಿಮ್ಮದೇ ತಾಲ್ಲೂಕಿನ ಬೆಸಗರಹಳ್ಳಿ ರಾಮಣ್ಣನವರು ಆ ಮಾತಿನಲ್ಲಿ ಕಥೆ ಬರೆದು ಕನ್ನಡಕ್ಕೆ ಕೊಟ್ಟಿದ್ದಾರೆ. ದೇವನೂರ ಮಹಾದೇವ ನಂಜನಗೂಡು ಸೀಮೆಯ ಮಾತನ್ನು ಕಾದಂಬರಿಗೆ ತಂದಿದ್ದಾರೆ. ಮಕ್ಕಳ ಪುಸ್ತಕಕ್ಕೆ ಮಾತ್ರ ಅದು ಯಾಕೆ ಬೇಡ? ‘ಯಾಕ್ಲಾ ಇಂಗ್ ಮಾಡ್ದೆ?’ ಅನ್ನುವ ಹುಡುಗನನ್ನು ‘ಏಕೆ ಹೀಗೆ ಮಾಡಿದೆ?’ ಅನ್ನಿಸಿದರೆ ಅವನು ಅಲ್ಲೇ ಸತ್ತುಹೋಗುತ್ತಾನೆ. ಮೂರು ವಿಷಯ ನೋಡಿಕೊಳ್ಳಿ. ನಿರೂಪಣೆ ಸರಳ ಬರಹದ ಕನ್ನಡದಲ್ಲಿರಲಿ, ಸಂಭಾಷಣೆ ಆಡುಮಾತಿನಲ್ಲಿರಲಿ. ‘ಬತ್ತೀನಿ’ ಎಂದು ಒಮ್ಮೆ ಬರೆದರೆ ಪುಸ್ತಕದ ಉದ್ದಕ್ಕೂ ‘ಬತ್ತೀನಿ’ಯೇ ಇರಲಿ. ಮತ್ತೆ, ಅಡುಗೆ ಅಕ್ಕ ಮತ್ತು ಜವಾನ ಮಾತ್ರ ಹಾಗೆ ಮಾತಾಡುವುದು ಬೇಡ. ಹೆಡ್‌ಮಾಸ್ಟರಿಗೂ ಸಿಟ್ಟು ಬಂದಾಗ, ಮನೆಗೆ ಹೋದಾಗ ಆ ಮಾತೇ ಬರಲಿ.

ನಿಮ್ಮ ಮಕ್ಕಳ ಗೋಡೆ ಪತ್ರಿಕೆಯ ಭಾಷೆಯನ್ನೂ ಗಮನಿಸಿ. ಮನೆಯಲ್ಲಿ ‘ಮೊಟ್ಟೆ ಸಾಲ್ಲಿಲ್ಲ’ ಅನ್ನುವ ಹುಡುಗಿ, ಪತ್ರಿಕೆಗೆ ಬರೆಯುವಾಗ ‘ಮೊಟ್ಟೆಗಳ ಅಭಾವವು ಕಂಡುಬಂದಿರುತ್ತದೆ’ ಎನ್ನುತ್ತಾಳೆ. ನಾನು ಪ್ರತಿ ಶಿಬಿರದಲ್ಲೂ ಇದನ್ನು ನೋಡುತ್ತೇನೆ. ಸುದ್ದಿ ಅಂದರೆ ಹಾಗೇ ಇರಬೇಕು ಅಂತ ಅವರ ನಂಬಿಕೆ. ಮೊದಲ ಸಂಚಿಕೆಯಲ್ಲಿ ಹಾಗೆ ಬರೆದ ಗೌರಿ, ತಿದ್ದುಪಡಿ ಬರೆಯುವಾಗ ‘ನಾವು ಸರಿಯಾಗಿ ಎಣಿಸಲಿಲ್ಲ. ಸಾರನ್ನು ಕೇಳಲೂ ಇಲ್ಲ’ ಎಂದು ಬರೆಯಲಿ. ಆ ತಿದ್ದುಪಡಿ ಮೊದಲ ಸುದ್ದಿಯಷ್ಟೇ ದೊಡ್ಡ ಅಕ್ಷರದಲ್ಲಿ, ಅದೇ ಗೋಡೆಯಲ್ಲಿ, ಅರಳಿಕಟ್ಟೆಯಲ್ಲೂ ಇರಲಿ. ಅಕ್ಷರ ಎಷ್ಟು ದೊಡ್ಡದಿರಬೇಕು ಎಂದು ನಾಲ್ವರು ಜಗಳ ಆಡಿದರೆ ಇನ್ನೂ ಚೆನ್ನ.

ತಿದ್ದಿ ಮುಗಿದ ಮೇಲೆ ಹಸ್ತಪ್ರತಿಯನ್ನು ಸಹೋದ್ಯೋಗಿಗಳಿಗೆ ಕೊಡಬೇಡಿ. ಜೆರಾಕ್ಸ್ ಮಾಡಿಸಿ, ಹನ್ನೊಂದು ಹನ್ನೆರಡು ವರ್ಷದ ಮೂವರು ಮಕ್ಕಳಿಗೆ ಕೊಡಿ. ಮೊಮ್ಮಗಳಿಗೆ ಬೇಡ, ಅವಳು ಅಜ್ಜಿಗೆ ನೋವಾಗದ ಹಾಗೆ ಹೇಳುತ್ತಾಳೆ. ಬೇಜಾರಾಗಿ ಪುಟ ಹಾರಿಸಿದ ಕಡೆ ಪೆನ್ಸಿಲಿನಲ್ಲಿ ಒಂದು ಗೆರೆ ಹಾಕಿ ಅನ್ನಿ. ಹೇಗಿದೆ ಅಂತ ಕೇಳಬೇಡಿ, ಗೆರೆ ನೋಡಿ. ಮೂವರೂ ಒಂದೇ ಕಡೆ ಗೆರೆ ಹಾಕಿದ್ದರೆ ಆ ಪುಟ ತೆಗೆಯಿರಿ, ಅದು ನಿಮಗೆ ಎಷ್ಟು ಇಷ್ಟವಾದದ್ದೇ ಆಗಿರಲಿ. ಪ್ರಕಾಶಕರ ಮಾತು ಅದಾದ ಮೇಲೆ.

ಮೊಟ್ಟೆಯ ಅಧ್ಯಾಯ ತಿದ್ದಿದ ಮೇಲೆ ನನಗೂ ಒಂದು ಪ್ರತಿ ಕಳಿಸಿ. ಬಿಸಿಯೂಟದ ರಿಜಿಸ್ಟರ್ ನೋಡಲು ಆ ನಾಲ್ವರು ಯಾರನ್ನು ಕೇಳಿದರು, ಹೇಗೆ ಕೇಳಿದರು ಎಂದು ಓದಲು ಕಾಯುತ್ತಿದ್ದೇನೆ.